ಐನೂರಾ ಒಂದು ರೂಪಾಯಿಯ ಗಿರಾಕಿ

ನಮ್ಮ ಕಾಕಾರ ಜೇಬಿನಲ್ಲಿ ನಲವತ್ತು ಸಾವಿರ ರೂಪಾಯಿ ಇದ್ದರೂ ಚಹಾದ ದುಡ್ಡು ನಾನೇ ಕೊಡಬೇಕು! ಜಿಪುಣರು ಅಂದುಕೊಂಡಿರಾ? ಛೇ, ಛೇ! ಬರೀ ಜಿಪುಣರಾಗಿದ್ದರೆ ಸಂಗ ಬಿಟ್ಟು ಎಂದೋ ಸುಖವಾಗಿರುತ್ತಿದ್ದೆ. "ಜೇಬು ಉಬ್ಬೇದಲ್ರಿ ಕಾಕಾ?" ಎಂದರೆ ಅದನ್ನು ಅಂಗೈಯಿಂದ ಮುಚ್ಚಿಕೊಂಡು, "ಇದು ಕೊಂಢವಾ ಏರಿಯಾದ ಗಿರಾಕಿ ಕೊಟ್ಟ ಗೇಟಿನ ರೊಕ್ಕವ್ವಾ. ಗೇಟಿನ ರೊಕ್ಕದಾಗ ಚಹಾ ಕುಡೀಲಿಕ್ಕೆ ನಾ ಏನು ಗೇಟೇನು?" ಎನ್ನುತ್ತಾರೆ. ಇದಕ್ಕೆ ನೀವಾದರೂ ಉತ್ತರ ಕೊಡಿ ನೋಡೋಣ!

ಇವರು ನನ್ನ ಅಪ್ಪನ ತಮ್ಮ. ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಭೋಸರಿಯಲ್ಲಿ ಶೆಡ್ಡು ಹಿಡಿದು, ಮೂವತ್ತು ವರ್ಷ ಗೇಟು, ಗ್ರಿಲ್ಲು ಮಾಡಿದವರು. ನಾನು ಪಿಂಪ್ರಿಯ ಆಫೀಸೊಂದರಲ್ಲಿ ಲೆಕ್ಕ ಬರೆಯುವವಳು. ರವಿವಾರ ಬಂತೆಂದರೆ ಇವರ ಲೆಕ್ಕವನ್ನೂ ಬರೆಯುತ್ತೇನೆ. ಸಂಬಳವಿಲ್ಲ, ಬೈಗುಳ ಧಾರಾಳ.

ಶೆಡ್ಡಿನ ಗೋಡೆಗೆ ಸಾಲಾಗಿ ಮೊಳೆ. ಒಂದೊಂದು ಮೊಳೆಗೆ ಒಂದೊಂದು ಕೆಲಸದ ಕಾರ್ಡು, ಕಾರ್ಡಿಗೆ ಚುಚ್ಚಿದ ಲಕೋಟೆ. ಗಿರಾಕಿ ಕೊಟ್ಟ ಅಡ್ವಾನ್ಸು ಲಕೋಟೆಯೊಳಗೆ. ಆ ಕೆಲಸದ ಪೈಪು, ಬಣ್ಣ, ಬಿಜಾಗರಿ ಎಲ್ಲ ಆ ಲಕೋಟೆಯ ದುಡ್ಡಿನಿಂದಲೇ ಬರಬೇಕು. ಒಮ್ಮೆ ಎರಡು ಕೆಲಸಕ್ಕೆ ಒಂದೇ ಅಳತೆಯ ಪೈಪು ಬೇಕಾಗಿತ್ತು. ಕಾಕಾ ಮೊದಲ ಕೆಲಸದ್ದನ್ನು ತಂದಿಳಿಸಿ, ಮತ್ತೆ ಅದೇ ಅಂಗಡಿಗೆ ಹೋಗಿ ಎರಡನೆಯದನ್ನು ತಂದರು! ಅಂಗಡಿಯವ, "ಕಾಕಾ, ಏಕದಮ್ ಕಾ ನಾಹೀ ನೇಲಂ?" ಎಂದು ಕೇಳಿದನಂತೆ. ಒಮ್ಮೆಲೇ ಯಾಕೆ ಒಯ್ಯಲಿಲ್ಲ ಅಂತ. "ಗಿರಾಕಿ ಬ್ಯಾರೆ ಬ್ಯಾರೆ ಅದಾರಲ್ಲಪಾ" ಎಂದರಂತೆ ಇವರು, ಅಪ್ಪಟ ಕನ್ನಡದಲ್ಲಿ.

ಗೇಟು ಕೂರಿಸಿದರೂ ಕೆಲಸ ಮುಗಿಯಿತೇ? ಇಲ್ಲ! ಕಾರ್ಡಿನ ಕೆಳಗೆ 'ಮಾಲು ಮುಟ್ಟಿತು' ಎಂದು ಬರೆದು ಗಿರಾಕಿ ಸಹಿ ಮಾಡಬೇಕು. ಅಲ್ಲಿಯವರೆಗೆ ಲಕೋಟೆಯಲ್ಲಿ ಉಳಿದದ್ದು ಗಿರಾಕಿಯದೇ. ಒಬ್ಬರು ಸಹಿ ಮಾಡದೆ ಸಾತಾರಾಕ್ಕೆ ಹೊರಟುಹೋದರು. ಕಾಕಾ ಬಸ್ಸು ಹತ್ತಿ, ಅವರ ಮನೆ ಹುಡುಕಿ, ಊಟಕ್ಕೆ ಕೂತಿದ್ದವರ ಎಡಗೈಗೆ ಪೆನ್ನು ಕೊಟ್ಟು ಸಹಿ ಹಾಕಿಸಿಕೊಂಡು ಬಂದರು. "ಬಸ್ಸಿನ ಖರ್ಚು ಯಾವ ಲಕೋಟಿಂದರಿ?" ಎಂದು ಕೆಣಕಿದೆ. "ನನ್ನ ಕಿಸೆದಿಂದ. ಸಹಿ ಮರತಾಂವ ನಾ ಅಲ್ಲೇನು?" ಎಂದರು.

ಸಾಲಿನ ಕೊನೆಯ ಮೊಳೆಯ ಕಾರ್ಡು ಮಾತ್ರ ಹನ್ನೊಂದು ವರ್ಷದಿಂದ ಅಲ್ಲೇ ಇತ್ತು. ಆ ಮಾತಿಗೆ ಬರುತ್ತೇನೆ, ಬರಲೇಬೇಕು.

ಮೊದಲು ನನ್ನ ಮಾನ ಹೋದದ್ದನ್ನು ಹೇಳಿಬಿಡುತ್ತೇನೆ. ಮೊಳೆಗಳ ಕಾಟ ತಪ್ಪಿಸಲು ಲ್ಯಾಪ್‌ಟಾಪ್ ತಂದು ಎಲ್ಲ ಕೆಲಸಗಳ ಲಾಭ ನಷ್ಟದ ರಿಪೋರ್ಟು ತೆಗೆದೆ. "ಕಾಕಾ, ಕೊಂಢವಾ ಗೇಟಿನಾಗ ನಲವತ್ತು ಸಾವಿರ ಲಾಭ ಆಗ್ಯದ್ರಿ!" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಕಬ್ಬಣಕ್ಕ ಇನ್ನೂ ಕೈ ಹಚ್ಚಿಲ್ಲ. ಲಾಭ ಎಲ್ಲಿಂದ ಬಂತು?" ನಾನು ಅಡ್ವಾನ್ಸನ್ನೇ ಗಳಿಕೆಯ ಕಡೆ ಬರೆದಿದ್ದೆ! ಸಾಲದ್ದಕ್ಕೆ ಮುಂದಿನ ತಿಂಗಳು ಆ ಗಿರಾಕಿ ಗೇಟೇ ಬೇಡವೆಂದು ಅಡ್ವಾನ್ಸು ವಾಪಸು ಒಯ್ದರು. ನನ್ನ ರಿಪೋರ್ಟಿನಲ್ಲಿ ನಲವತ್ತು ಸಾವಿರ ನಷ್ಟ. "ಮಾಡಲಾರದ ಕೆಲಸದಾಗ ಗಳಿಸಿದಿ, ಮಾಡಲಾರದ ಕೆಲಸದಾಗ ಕಳಕೊಂಡಿ. ಭಾಳ ಶಾಣ್ಯಾಕಿ!" ಎಂದು ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅಡ್ವಾನ್ಸುಗಳಿಗೆ ಬೇರೆಯೇ ಪಟ್ಟಿ. ಮಾಲು ಮುಟ್ಟಿ ಸಹಿ ಬಿದ್ದ ಮೇಲಷ್ಟೇ ಅವು ಗಳಿಕೆಗೆ ಬರುತ್ತವೆ. ಓದಿದವಳು ನಾನು, ಪಾಠ ಅವರದು.

ಆ ಪಟ್ಟಿಯಲ್ಲಿ ತಿಂಗಳು ತಿಂಗಳೂ ಸಾಲುಗಳು ಬದಲಾಗುತ್ತಿದ್ದವು. ಒಂದು ಸಾಲು ಮಾತ್ರ ಕದಲುತ್ತಿರಲಿಲ್ಲ. ಐನೂರಾ ಒಂದು ರೂಪಾಯಿ, ಜೋಕಾಲಿ. ಗಿರಾಕಿ, ನಮ್ಮ ಕಾಕು.

ಕಾಕಾರ ಹೆಂಡತಿ, ನಮ್ಮ ಕಾಕು, ಮದುವೆಯಾದಾಗಿನಿಂದ ಕೇಳಿದ್ದು ಒಂದೇ. ಮನೆಯಲ್ಲೊಂದು ಜೋಕಾಲಿ ಬೇಕು. ಊರಲ್ಲಿ ಪಂಚಮಿಗೆ ಜೀಕಿ ಬೆಳೆದವಳು, ಇಲ್ಲಿ ಎರಡು ಕೋಣೆಯ ಮನೆಯಲ್ಲಿ ಏನು ಜೀಕುತ್ತಾಳೆ? ಕಾಕಾರದು ಒಂದೇ ಜವಾಬು: "ಗಿರಾಕಿ ಕೆಲಸ ಮೊದಲ." ಒಂದು ದಿನ ಕಾಕು ಇಳಕಲ್ ಸೀರೆ ಉಟ್ಟು, ಕಾಲೇಜಿನಲ್ಲಿದ್ದ ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಬಂದಳು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, "ಮಾಲಕರು ಅದಾರೇನ್ರಿ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಕಾಕಾ ನಗಲಿಲ್ಲ. ಕಾರ್ಡು ತೆಗೆದು ಬರೆಯತೊಡಗಿದರು.

"ಎಷ್ಟು ಅಗಲ ಬೇಕ್ರಿ?"

"ಇಬ್ಬರು ಕೂಡೂವಷ್ಟು."

"ಯಾವಾಗ ಬೇಕ್ರಿ?"

"ಪಂಚಮಿಗೆ. ಅಡ್ವಾನ್ಸ್ ತಗೊಂಡು ಪಾವತಿ ಚೀಟಿ ಕೊಡ್ರಿ, ಭರೋಸಾ ಇಲ್ಲ ನಿಮ್ಮದು!"

ಪಂಚಮಿ ಬಂತು. ಆದರೆ ಅರವತ್ತು ಕಿಟಕಿಗಳ ದೊಡ್ಡ ಕೆಲಸ ಬಂದಿತ್ತು. ಮರುವರ್ಷ ಇನ್ನೇನೋ. ಕಾಕು ಪಾವತಿ ಚೀಟಿ ತೋರಿಸಿ ಜಗಳ ತೆಗೆಯುತ್ತಿದ್ದಳು, ಕಾಕಾ ಕೈಮುಗಿದು ಹೊಸ ತಾರೀಖು ಕೊಡುತ್ತಿದ್ದರು. ಹೀಗೆಯೇ ಆರು ವರ್ಷ. ಆಮೇಲೆ ಕಾಕು ಕಾಯಿಲೆ ಬಿದ್ದಳು, ದವಾಖಾನೆ ಸೇರಿದಳು, ಮನೆಗೆ ಬರಲಿಲ್ಲ. ಅವಳಿಲ್ಲದ ಐದು ವರ್ಷವೂ ನಾನು ಆ ಸಾಲನ್ನು ಹಾಗೇ ಮುಂದಕ್ಕೆ ಒಯ್ಯುತ್ತಿದ್ದೆ. ಕೇಳುವ ಧೈರ್ಯ ಇರಲಿಲ್ಲ.

ಈ ವರ್ಷ ಕಾಕಾರ ಮೊಣಕಾಲು ಪೂರ್ತಿ ಕೈಕೊಟ್ಟಿತು. ಶೆಡ್ಡು ಬಿಡುವುದೆಂದಾಯಿತು. ಒಂದೊಂದೇ ಕೆಲಸ ಮುಗಿದು ಮೊಳೆಗಳು ಖಾಲಿಯಾದವು. ಕೊನೆಗೆ ಉಳಿದದ್ದು ಅದೊಂದೇ. ಎಂದಾದರೂ ಕೇಳಲೇಬೇಕಿತ್ತು. "ಕಾಕಾ, ಇದನ್ನೇನು ಮಾಡೂಣ್ರಿ? ಕೆಲಸ ಆಗಲಿಲ್ಲ ಅಂತ ಬರೆದುಬಿಡಲೇನು?"

ಅವರು ಶೆಡ್ಡಿನ ಹಿಂದಕ್ಕೆ ಕರೆದೊಯ್ದು, ಮೂಲೆಯಲ್ಲಿ ಹೊದಿಸಿದ್ದ ತಾಡಪತ್ರಿ ಎಳೆದರು.

ಜೋಕಾಲಿ! ನುಣ್ಣಗೆ ತಿಕ್ಕಿದ ಕಬ್ಬಿಣ, ಹಿತ್ತಾಳೆಯ ಸರಪಳಿ, ಹೊಸ ಹಸಿರು ಬಣ್ಣ. ಇಬ್ಬರು ಕೂರುವಷ್ಟು ಅಗಲ.

"ಅಕಿ ದವಾಖಾನ್ಯಾಗಿದ್ದಾಗ ಮಾಡಿದ್ದು. ಬಂದಕೂಡ್ಲೆ ಕೂಡಸ್ಬೇಕಂತ. ಪ್ರತಿ ವರ್ಷಾ ಪಂಚಮಿಗೆ ಬಣ್ಣಾ ಹಚ್ಚತೀನಿ."

"ಹಂಗಾದ್ರ ಮನಿಗೆ ಯಾಕ ಒಯ್ಯಲಿಲ್ಲರಿ?"

"ಒಯ್ದರ ಮಾಲು ಮುಟ್ಟಿದಂಗಾತು. ಮುಟ್ಟಿದರ ಅಕಿ ರೊಕ್ಕ ನಂದಾಗ್ತದ, ಖಾತೆ ಮುಗೀತದ." ಸರಪಳಿಯ ಧೂಳನ್ನು ಅಂಗೈಯಿಂದ ಒರೆಸಿದರು. "ಆಮ್ಯಾಲೆ ಅಕಿಗೂ ನನಗೂ ನಡುವ ಏನು ಉಳೀತದವ್ವಾ? ಈಗ ಶೆಡ್ಡೂ ಹೊಂಟತು. ಇದನ್ನ ಎಲ್ಲಿ ಇಡ್ಲಿ?"

ಇಷ್ಟು ವರ್ಷ ಈ ಮನುಷ್ಯನ ಲೆಕ್ಕ ನೋಡಿ ನಕ್ಕಿದ್ದೆನಲ್ಲ! ಆದರೂ ಅವರ ಶಿಷ್ಯೆ ನಾನು. ಮೊಳೆಯಿಂದ ಕಾರ್ಡು ತೆಗೆದು ಅವರ ಮುಂದೆ ಹಿಡಿದೆ.

"ಕಾಕಾ, ಸಹಿ ಎಲ್ಲದರಿ?"

"ಅಂದ್ರ?"

"ಮನಿಗೆ ಒಯ್ದರೂ ಗಿರಾಕಿ ಸಹಿ ಬೀಳೂತನಕ ಮಾಲು ಮುಟ್ಟಿಲ್ಲರಿ. ಸಹಿ ಬೇಕಂತ ಸಾತಾರಾಕ್ಕ ಹೋದಾವ್ರು ಯಾರು, ನಾನೇನು?"

ಕಾಕಾ ಕಾರ್ಡನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಮುಖ ಆಚೆ ತಿರುಗಿಸಿಕೊಂಡು, "ಟೆಂಪೋ ಹೇಳು. ಬಾಡಿಗಿ ನಂದು" ಎಂದರು.

ಈಗ ಜೋಕಾಲಿ ಅವರ ಮನೆಯ ನಡುಮನೆಯಲ್ಲಿದೆ. ಸರಪಳಿಗೆ ಕಾರ್ಡು, ಕಾರ್ಡಿಗೆ ಲಕೋಟೆ. ಹೋದ ರವಿವಾರ ಕೊನೆಯ ರಿಪೋರ್ಟು ಒಯ್ದೆ. ಕಾಕಾ ಜೋಕಾಲಿಯ ಒಂದು ತುದಿಗೆ ಒತ್ತಿಕೊಂಡು ಕೂತಿದ್ದರು. ಪಕ್ಕದಲ್ಲಿ ಒಬ್ಬರಿಗೆ ಸಾಕಾಗುವಷ್ಟು ಜಾಗ ಖಾಲಿಯಿತ್ತು. ಬಂದು ಕೂಡು ಎಂದು ಅವರು ಹೇಳಲಿಲ್ಲ, ನಾನೂ ಕೂಡಲಿಲ್ಲ, ಕೆಳಗೆ ಚಾಪೆಯ ಮೇಲೆ ಕೂತೆ.

ಅಡ್ವಾನ್ಸುಗಳ ಪಟ್ಟಿಯ ತುಂಬ ಸೊನ್ನೆ. ಕಾಕಾ ಬೆರಳು ಇಳಿಸುತ್ತ, ಇಳಿಸುತ್ತ ಬಂದು ಐನೂರಾ ಒಂದರ ಮೇಲೆ ನಿಲ್ಲಿಸಿದರು.

"ಈಗ ಬರೋಬ್ಬರಿ ಅದ ನೋಡವ್ವಾ" ಎಂದರು. "ಇನ್ನೂ ಕೊಡೂದು ಅದ ಅಕಿಗೆ."