ಚಿಕ್ಕಪ್ಪನೂ ಕಂಪ್ಯೂಟರಿನ ಡ್ರೈವರೂ

ನನ್ನ ಚಿಕ್ಕಪ್ಪನಷ್ಟು ತಾಳ್ಮೆಯ ಮನುಷ್ಯ ಮೂರು ತಾಲ್ಲೂಕು ಹುಡುಕಿದರೂ ಸಿಗುವುದಿಲ್ಲ. ಇದನ್ನು ಹೇಳಿದ್ದು ಬೇರೆ ಯಾರೂ ಅಲ್ಲ, ಸ್ವತಃ ಚಿಕ್ಕಪ್ಪನೇ! ಅದೂ ಕಂಪ್ಯೂಟರಿಗೆ ವಾಚಾಮಗೋಚರ ಬೈಯುತ್ತಾ.

ಕಡೂರಿನಲ್ಲಿ ಅವರದು ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ, ಮನೆ ಅಜ್ಜಂಪುರದಲ್ಲಿ. ಅಂಗಡಿಯ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್. ಪರದೆ ಅವರೊಬ್ಬರಿಗೇ ಕಾಣುವಂತೆ ಗೋಡೆಯ ಕಡೆಗೆ. ದಿನವಿಡೀ ಅದರಲ್ಲೇನು ನೋಡುತ್ತಾರೋ! ಶೇರು ಪೇಟೆ ಎಂದರು ಕೆಲವರು. ಸೀರಿಯಲ್ಲೇ ಎಂದು ಪಕ್ಕದ ಟೈಲರ್ ಪಟ್ಟು ಹಿಡಿದಿದ್ದ.

ಆ ಕಂಪ್ಯೂಟರಿಗೊಂದು ಚಾಳಿ. ಮಧ್ಯಾಹ್ನ ದಾಟುತ್ತಲೇ ಇಂಟರ್‌ನೆಟ್ ಗಪ್ಪೆಂದು ನಿಂತುಬಿಡುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸರಿ. ಚಿಕ್ಕಪ್ಪ ಮೊದಲು ಹಲ್ಲಿಯನ್ನು ದೂರಿದರು. ಆಮೇಲೆ ಅಂಗಡಿಯ ಹಿಂದೆ ಓಡುವ ರೈಲನ್ನು!

"ಗಾಡಿ ಬಂದ್ರೆ ನೆಲ ಅದುರುತ್ತೆ ಕಣೋ, ಒಳಗೆ ಕಾರ್ಡು ಅಲ್ಲಾಡ್ತದೆ."

ಕಂಪ್ಯೂಟರಿನ ಕೆಳಗೆ ಹಳೇ ಕಂಬಳಿ ಮಡಿಸಿ ಹಾಸಿದರು. ರೈಲು ಬಂತು, ಹೋಯಿತು. ನೆಟ್ಟು ಬರೀ ಹೋಯಿತು!

ಕೊನೆಗೆ ತರೀಕೆರೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಕರೆ ಬಂತು. ಹೋಗಿ ನೋಡಿ, "ತಪ್ಪು ಡ್ರೈವರ್‌ದು ಚಿಕ್ಕಪ್ಪ" ಎಂದೆ.

"ಯಾರು, ಅಜ್ಜಂಪುರದ ಬಸ್ ಡ್ರೈವರಾ? ಪಾಪ, ಅವನು ಒಳ್ಳೇವ್ನು ಕಣೋ!"

ನೆಟ್‌ವರ್ಕ್ ಕಾರ್ಡನ್ನು ನಡೆಸುವ ಪ್ರೋಗ್ರಾಮಿಗೆ ಹಾಗೆನ್ನುತ್ತಾರೆ, ಹಾದುಹೋದ ಡೇಟಾವನ್ನೆಲ್ಲ ಅದು ಎಣಿಸುತ್ತಿರುತ್ತದೆ, ಎಣಿಕೆಗೆ ಕೊಟ್ಟ ಜಾಗ ಚಿಕ್ಕದು, ತುಂಬಿದೊಡನೆ ಎಣಿಕೆ ಸೊನ್ನೆಗೆ ಬಿದ್ದು, ಡ್ರೈವರ್ ಗಾಬರಿಯಿಂದ ಕಾರ್ಡನ್ನೇ ನಿಲ್ಲಿಸುತ್ತದೆ ಎಂದು ವಿವರಿಸಿದೆ.

"ನನ್ನ ಸ್ಕೂಟರ್ ಮೀಟರೂ ತುಂಬಿ ಸೊನ್ನೆಗೆ ಬಂತು. ಸ್ಕೂಟರ್ ಏನು ರಸ್ತೆ ಮಧ್ಯೆ ಕೂತ್ಕೊಂಡಿತಾ?"

ನಾನು ಪರದೆಯ ಮೇಲಿನ ಎಣಿಕೆಯತ್ತ ಕಣ್ಣು ಹಾಯಿಸಿದೆ.

"ಇಷ್ಟು ಬೇಗ ತುಂಬಬೇಕಾದ್ರೆ ರಾಶಿ ವಿಡಿಯೋ ಓಡಿರ್ಬೇಕು. ಏನ್ ನೋಡ್ತಾ ಇರ್ತೀರಾ?" ಎಂದೆ.

ಚಿಕ್ಕಪ್ಪ ಫ್ಯಾನಿನ ರೆಕ್ಕೆ ಒರೆಸತೊಡಗಿದರು.

ದೋಷ ತಿದ್ದಿದ ಹೊಸ ಡ್ರೈವರ್ ಹಾಕಿ, ಕಂಪ್ಯೂಟರ್ ಆನ್ ಮಾಡಿದೆ. ಚಿಕ್ಕಪ್ಪ ಬಂದು ಏನನ್ನೋ ಒತ್ತಿದರು. ಪರದೆಯ ಮೇಲೆ ಅಜ್ಜಂಪುರದ ನಡುಮನೆ. ಕುರ್ಚಿಯಲ್ಲಿ ಚಿಕ್ಕಮ್ಮ, ನಮ್ಮನ್ನೇ ನೋಡುತ್ತಾ. ಪಾರ್ಶ್ವವಾಯು ಬಡಿದು ಮಾತು ಹೋದಾಗಿನಿಂದ, ಮಗಳು ಜೊತೆಗಿದ್ದರೂ, ಗಂಡ ಕಣ್ಣಿಗೆ ಕಾಣದಿದ್ದರೆ ಅವರಿಗೆ ದಿಗಿಲು. ಅದಕ್ಕೇ ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೂ ವಿಡಿಯೋ ಕಾಲ್!

"ನೆಟ್ ಹೋದಾಗೆಲ್ಲ ನನಗೇನೋ ಆಗೋಯ್ತು ಅಂತ ಅಳ್ತಾಳೆ ಕಣೋ" ಎಂದರು.

ಮುಂದಿನ ವಾರ ಮತ್ತೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ತುಟಿಗೆ ಬೆರಳಿಟ್ಟು ಪರದೆಯತ್ತ ಕಣ್ಣು ಮಾಡಿದರು. ಚಿಕ್ಕಮ್ಮ ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆ ಹೋಗಿದ್ದರು.

"ಮೆಲ್ಲಗೆ ಮಾತಾಡು. ನಾನೆಲ್ಲೂ ಹೋಗಲ್ಲ ಅಂತ ಈಗ ನಂಬಿಕೆ ಬಂದೈತೆ ಅವಳಿಗೆ."