ಮರುಪ್ರಶ್ನೆ ಕೇಳಬಾರದು

ಮನುಷ್ಯರ ತಲೆಯನ್ನು ಪಟ್ಟಿಯೊಳಗೆ ತುಂಬಲು ಹೊರಟವನಿಗೆ ಪೇಚಾಟಗಳು ಆಗುತ್ತಲೇ ಇರುತ್ತವೆ. ನನಗೆ ಒಂದೇ ವರ್ಷದಲ್ಲಿ ನಾಲ್ಕು ಆದವು.

ಬಿ.ಎಸ್ಸಿ. ಮುಗಿದ ಮೇಲೆ ಬೆಂಗಳೂರಿನ ಮಾನಸಿಕ ರೋಗಗಳ ಡಾಕ್ಟರೊಬ್ಬರ ಕೈಕೆಳಗೆ ಕೆಲಸ ಸಿಕ್ಕಿತು. ಆಗಿನ ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಮನೆಮನೆಗೆ ಹೋಗಬೇಕು. ಅಚ್ಚಾದ ಫಾರಮಿನಲ್ಲಿರುವ ಪ್ರಶ್ನೆ ಕೇಳಿ, ಉತ್ತರ ಬರೆದು, ಕೊನೆಯ ಕಾಲಮಿನಲ್ಲಿ ರೋಗದ ವರ್ಗ ಸೂಚಿಸಬೇಕು: ಗೀಳು, ಖಿನ್ನತೆ, ಉನ್ಮಾದ, ಭ್ರಮೆ, ಸಂಶಯ, ಮರೆವು. ಡಾಕ್ಟರು ಹೇಳಿದ ನಿಯಮ ಎರಡು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು. ಮರುಪ್ರಶ್ನೆ ಕೇಳಬಾರದು.

"ವರ್ಷದ ಕೊನೆಗೆ ಕೆಲಸ ಖಾಯಂ. ಆದ್ರೆ ಮೂರು ತಪ್ಪಾದ್ರೆ ಊರಿನ ಬಸ್ಸು ಹತ್ತಿ" ಎಂದರು.

ಊರಿನಲ್ಲಿ ನಮ್ಮ ತಂದೆ, ಮಗನ ಕೆಲಸ ಖಾಯಮಾಗಿದೆ ಎಂದು ಹೇಳಿ ಆಗಲೇ ಹೆಣ್ಣು ನೋಡಿದ್ದರು.

ಗೌರಿಬಿದನೂರು: ಛತ್ರಿ

ನಗರಗೆರೆಯಲ್ಲಿ ಒಬ್ಬ ರೈತ ಎಷ್ಟು ಸಲ ಹೋದರೂ ಮನೆಯಲ್ಲಿ ಸಿಗಲಿಲ್ಲ. ಸಿಗದವರನ್ನು ಹುಡುಕಿಕೊಂಡು ಹೋಗಬೇಕೆಂಬುದು ಕ್ರಮ. ಹೊಲಕ್ಕೆ ಹೋದೆ, ಗಿರಣಿಗೆ ಹೋಗಿದ್ದ. ಗಿರಣಿಗೆ ಹೋದೆ, ಹೋಟೆಲಿಗೆ ಹೋಗಿದ್ದ. ಮೂರನೆಯ ದಿನ ಸಂಜೆ ಜಗಲಿಯ ಮೇಲೆ ಸಿಕ್ಕಿದ.

"ನಿಮ್ಮನ್ನು ಯಾರಾದರೂ ಹಿಂಬಾಲಿಸುತ್ತಿದ್ದಾರೆ ಅನ್ನಿಸುತ್ತದೆಯೇ?"

"ಅನ್ನಿಸೋದೇನ್ ಬಂತು, ಹಿಂದೇನೇ ಬರ್ತಾವ್ನೆ. ಮೂರು ದಿನ ಆಯ್ತು. ಹೊಲಕ್ಕೋದ್ರೆ ಹೊಲಕ್ಕೆ, ಗಿರಣಿಗೋದ್ರೆ ಗಿರಣಿಗೆ. ಕೈಯಲ್ಲಿ ಒಂದು ಛತ್ರಿ ಬೇರೆ."

ಬರೆದುಕೊಂಡೆ. ಹೇಳುವಾಗ ಆತ ನನ್ನ ಛತ್ರಿಯನ್ನೇ ದಿಟ್ಟಿಸುತ್ತಿದ್ದ. ಅದನ್ನೂ 'ವರ್ತನೆ' ಎಂಬ ಕಾಲಮಿನಲ್ಲಿ ಬರೆದೆ. ವರ್ಗ: ಸಂಶಯ.

ಡಾಕ್ಟರು ಫಾರಮನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಬಾಗಿಲ ಮೂಲೆಯ ಕಡೆ ನೋಡಿದರು.

"ಅದು ಯಾರ ಛತ್ರಿ ಕಣ್ರೀ?"

"ನಂದೇ ಸರ್."

"ಒಂದು" ಎಂದರು.

ಚಿಂತಾಮಣಿ: ಮೂರು ಪದಾರ್ಥ

ಜ್ಞಾಪಕಶಕ್ತಿಯ ಪರೀಕ್ಷೆಗೆ ಫಾರಮಿನಲ್ಲಿ ಹೀಗಿತ್ತು: 'ಮೂರು ಪದಾರ್ಥಗಳ ಹೆಸರು ಹೇಳು. ಐದು ನಿಮಿಷದ ನಂತರ ಕೇಳು. ಏಕೆಂದು ವಿವರಿಸಬೇಡ.'

ಚಿಂತಾಮಣಿ ಪೇಟೆಯಲ್ಲಿ ಸಾಮಾನಿನ ಅಂಗಡಿ ಇಟ್ಟಿದ್ದ ಹಿರಿಯ ಸಾಬರ ಮುಂದೆ ಕುಳಿತು "ಲಾಟೀನು, ಹಗ್ಗ, ಬೀಗ" ಎಂದೆ.

"ಆಯ್ತು ಬೇಟಾ" ಎಂದು ಅವರು ಒಳಗೆ ಹೋದರು. ನಾನು ಗಡಿಯಾರ ನೋಡುತ್ತ ಕುಳಿತೆ. ಅವರು ಬಂದಾಗ ಸರಿಯಾಗಿ ಐದು ನಿಮಿಷ ಆಗಿತ್ತು.

"ನಾನು ಏನೇನು ಹೇಳಿದೆ?"

ಸಾಬರು ನನ್ನನ್ನು ಕನಿಕರದಿಂದ ನೋಡಿ, ಕಾಗದದಲ್ಲಿ ಕಟ್ಟಿದ ದೊಡ್ಡ ಪೊಟ್ಟಣವನ್ನು ಮುಂದಿಟ್ಟರು. ಪಕ್ಕದ ಅಂಗಡಿಗೆ ಕೂಗಿ ಹೇಳಿದರು: "ದೇಖೋ ಭಾಯ್, ಈಗ ತಾನೆ ಕೇಳಿದ್ದು, ಆಗ್ಲೇ ಮರ್ತವ್ನೆ. ಇಷ್ಟು ಚಿಕ್ಕ ವಯಸ್ಸಿಗೆ!"

ಮೂರರಲ್ಲಿ ಒಂದು ಹೆಸರನ್ನೂ ಅವರು ಬಾಯಿಬಿಟ್ಟು ಹೇಳಿರಲಿಲ್ಲ. 'ಮರೆವು' ಎಂದು ಬರೆದು, ಪೊಟ್ಟಣವನ್ನು ಪುರಾವೆಯಾಗಿ ಲಗತ್ತಿಸಿದೆ. ಡಾಕ್ಟರು ಬಿಚ್ಚಿ ನೋಡಿದರು. ಲಾಟೀನು, ಹಗ್ಗ, ಬೀಗ.

"ಎರಡು" ಎಂದರು. ಉಳಿದೆರಡನ್ನು ನನ್ನ ಕಡೆ ತಳ್ಳಿ, "ಬೀಗ ನನಗಿರಲಿ" ಎಂದರು.

ಚಿಕ್ಕಬಳ್ಳಾಪುರ: ಗೋಡೆಯ ಪಟ್ಟಿ

ನಾನು ಬಾಡಿಗೆಗಿದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಎರಡಾದ ಮೇಲೆ ಭಯ ಹತ್ತಿತು. ಮೂರನೆಯದು ಆಗದಿರಲೆಂದು, ಪ್ರತಿ ವರ್ಗದ ಲಕ್ಷಣಗಳನ್ನೂ ಬರೆದು ಗೋಡೆಗೆ ಅಂಟಿಸಿಕೊಂಡೆ. ಕೋಣೆ ಗುಡಿಸಲು ಬಂದ ಮನೆಯೊಡತಿ ಪೊರಕೆ ಹಿಡಿದೇ ನಿಂತು ಓದಿದರು.

"'ಗೀಳು. ಸಾಮಾನುಗಳನ್ನು ಒಂದೇ ಸಾಲಿಗೆ ಇಡುವುದು. ಎಣಿಸಿದ್ದನ್ನೇ ಎಣಿಸುವುದು. ಬೀಗ ಹಾಕಿ ಹೋದವನು ತಿರುಗಿ ಬಂದು ಎಳೆದು ನೋಡುವುದು.' ಇದು ಯಾರಪ್ಪ?"

"ಯಾರೂ ಅಲ್ಲಮ್ಮ. ಪುಸ್ತಕದಲ್ಲಿರೋದು."

ಆಕೆ ಕಿಟಕಿಯಲ್ಲಿ ಸಾಲಾಗಿಟ್ಟಿದ್ದ ನನ್ನ ಏಳು ಪೆನ್ಸಿಲುಗಳನ್ನು ನೋಡಿದರು.

"ಪುಸ್ತಕ ಬರೆದೋರು ಯಾವಾಗಪ್ಪ ನಮ್ಮನೆಗೆ ಬಂದಿದ್ರು?"

ಶಿಡ್ಲಘಟ್ಟ: ಮಳೆ

ನಮ್ಮದು ತುಮಕೂರಿನ ಕಡೆ. ರೇಷ್ಮೆಯನ್ನು ಸೀರೆಯಾಗಿ ಮಾತ್ರ ಕಂಡವನು ನಾನು. ಶಿಡ್ಲಘಟ್ಟದ ಪಕ್ಕದ ಹಳ್ಳಿಯೊಂದರಲ್ಲಿ, ಬಿರುಬಿಸಿಲಿನ ಮಧ್ಯಾಹ್ನ, ನಡುವಯಸ್ಸಿನ ಹೆಂಗಸೊಬ್ಬರು ಬಾಗಿಲನ್ನು ಅರ್ಧ ತೆರೆದು ನಿಂತರು. ಕಣ್ಣು ಕೆಂಪಾಗಿತ್ತು.

"ಒಳಕ್ಕೆ ಬರ್ಬೇಡಪ್ಪ. ಯಾರ್ನೂ ಬಿಡಲ್ಲ. ಅಲ್ಲಿಂದ್ಲೇ ಕೇಳು."

"ನಿದ್ದೆ ಸರಿಯಾಗಿ ಬರುತ್ತದೆಯೇ?"

"ಎಲ್ಲಿ ಬಿಡ್ತವೆ?"

ಯಾವುವು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

"ಪದೇ ಪದೇ ಕೈ ತೊಳೆಯುತ್ತೀರಾ?"

"ಒಳಕ್ಕೆ ಹೋದಾಗೆಲ್ಲ. ತೊಳೀದೆ ಹೋದ್ರೆ ಆಗಲ್ಲ."

"ಯಾರಾದರೂ ನಿಮಗೆ ಕೇಡು ಬಗೆಯುತ್ತಿದ್ದಾರೆಯೇ?"

"ಇರುವೆ. ಹಲ್ಲಿ. ಆಮೇಲೆ ಆ ಎದುರುಮನೆಯೋಳ ಕಣ್ಣು."

"ಬೇರೆಯವರಿಗೆ ಕೇಳಿಸದ ಸದ್ದೇನಾದರೂ ನಿಮಗೆ ಕೇಳಿಸುತ್ತದೆಯೇ?"

"ಮಳೆ ಸುರಿದಂಗೆ ಕೇಳುಸ್ತದಪ್ಪ. ಮೊನ್ನೆಯಿಂದ ಬಲು ಜೋರು."

ತಲೆಯೆತ್ತಿ ನೋಡಿದೆ. ಒಂದು ಮೋಡವೂ ಇರಲಿಲ್ಲ. ಅದನ್ನೂ ಬರೆದೆ.

ಗೀಳು, ಸಂಶಯ, ಭ್ರಮೆ. ಮೂರೂ ಒಬ್ಬರಲ್ಲೇ! ಡಾಕ್ಟರು ಅಷ್ಟು ಸಂತೋಷಪಟ್ಟಿದ್ದನ್ನು ನಾನು ನೋಡಿರಲಿಲ್ಲ. ನನ್ನ ರುಜುವಿನ ಕೆಳಗೆ ತಮ್ಮ ರುಜು ಹಾಕಿ, ಮುದ್ರೆ ಒತ್ತಿ, ಮರುದಿನವೇ ಜೀಪು ತೆಗೆಸಿದರು. ಕೆಲಸ ಗಟ್ಟಿಯಾಯಿತೆಂದು ನಾನು ಊರಿಗೆ ಕಾಗದ ಹಾಕಿದೆ.

ಡಾಕ್ಟರು ಬಾಗಿಲ ಹೊರಗೇ ನಿಂತು ವಿನಯದಿಂದ ಹೇಳಿದರು: "ಹತ್ತು ದಿನ ಬೆಂಗಳೂರಲ್ಲಿ ನಮ್ಮ ಆಸ್ಪತ್ರೇಲಿದ್ದು ಬನ್ನಿ ತಾಯಿ."

"ಹತ್ತು ದಿನಾನಾ? ಒಂದೊತ್ತು ನಾನಿಲ್ದಿದ್ರೆ ಒಳಗಿರೋವೆಲ್ಲ ಸಾಯ್ತವೆ!"

ಡಾಕ್ಟರಿಗೆ ಮರುಪ್ರಶ್ನೆ ಕೇಳುವ ಅಧಿಕಾರವಿತ್ತು. ಮೆಲ್ಲಗೆ ಕೇಳಿದರು: "ಒಳಗೆ ಯಾರಮ್ಮ ಇರೋದು?"

"ರೇಷ್ಮೆ ಹುಳ ಸ್ವಾಮಿ. ಇನ್ಯಾರಿರ್ತಾರೆ, ನನ್ನ ಗಂಡನಾ? ಅವನು ಸೊಪ್ಪು ತರಕ್ಕೆ ಹೋಗವ್ನೆ."

ನಮ್ಮಿಬ್ಬರಿಂದಲೂ ಕೈಕಾಲು ತೊಳೆಸಿ, ಹೊಸ್ತಿಲವರೆಗೆ ಬಿಟ್ಟರು. ಕತ್ತಲ ಕೋಣೆ. ಸೂರಿನವರೆಗೆ ಬಿದಿರ ತಟ್ಟೆಗಳು. ತಟ್ಟೆಗಳ ತುಂಬ ಬೆರಳುದ್ದದ ಬಿಳಿ ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದವು. ಸಾವಿರಾರು ಬಾಯಿ ಒಟ್ಟಿಗೆ ಎಲೆ ಕತ್ತರಿಸುವ ಸದ್ದು. ಕಣ್ಣು ಮುಚ್ಚಿಕೊಂಡರೆ ಹೆಂಚಿನ ಮೇಲೆ ಜಡಿಮಳೆ.

ಡಾಕ್ಟರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. ಆಕೆ ಅವರ ಮುಖವನ್ನೇ ನೋಡುತ್ತಿದ್ದರು.

"ಕೇಳುಸ್ತಾ ಸ್ವಾಮಿ?"

"ಕೇಳಿಸ್ತಮ್ಮ. ಥೇಟ್ ಮಳೇನೇ."

ಆಕೆ ನನ್ನ ಕಡೆ ತಿರುಗಿದರು.

"ಬರ್ಕೊಳ್ಳಪ್ಪ, ಇವ್ರಿಗೂ ಕೇಳುಸ್ತಂತೆ."

ಅಭ್ಯಾಸಬಲದಿಂದ ಪೆನ್ಸಿಲು ತೆಗೆದೆ. ಡಾಕ್ಟರು ನನ್ನ ಕೈಯನ್ನು ಭದ್ರವಾಗಿ ಹಿಡಿದುಕೊಂಡರು.

"ತಪ್ಪು ಎರಡೇ ಕಣ್ರೀ" ಎಂದರು. "ಇನ್ನೂ ಎರಡೇ."