ಹೂಂ ಅಂದವರಿಗೆ ಡಿಸ್ಚಾರ್ಜ್ ಇಲ್ಲ

ಮಂಡಿಚಿಪ್ಪು ಬದಲಾಯಿಸಿಕೊಂಡ ಗಣಿತದ ಮೇಷ್ಟ್ರಿಗೆ ಅಂದು ಆಸ್ಪತ್ರೆಯಿಂದ ಬಿಡುಗಡೆ. ಪಕ್ಕದ ಮಂಚದವರ ಗೊರಕೆ, ಉಪ್ಪಿಲ್ಲದ ಊಟ, ಹೊತ್ತಲ್ಲದ ಹೊತ್ತಿನಲ್ಲಿ ಚುಚ್ಚುವ ಸೂಜಿ ಎಲ್ಲದರಿಂದ ಪಾರಾಗಿ ಸ್ವಂತ ಹಾಸಿಗೆ ಸೇರುವ ಆಸೆಯಿಂದ ಅವರು ಬೆಳಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು.

ಆದರೆ ಆಸ್ಪತ್ರೆಯಲ್ಲಿ ಸುಧಾರಣೆಯ ಗಾಳಿ ಬೀಸಿತ್ತು. ಮೊದಲಾದರೆ ಡಾಕ್ಟರು ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಸೂಚನೆಗಳನ್ನು ಒದರಿ, "ಅರ್ಥ ಆಯ್ತಲ್ಲ?" ಎಂದು ಮಾಯವಾಗುತ್ತಿದ್ದರು. ರೋಗಿ ತಲೆಯಾಡಿಸಿ ಮನೆಗೆ ಹೋಗಿ, ಕಾಲು ಊದಿಸಿಕೊಂಡು ಮರಳಿ ಬರುತ್ತಿದ್ದ. ಈಗಿನ ಕಟ್ಟಳೆ ಬೇರೆ. ಕೇಳಿದ್ದನ್ನು ರೋಗಿ ತನ್ನ ಮಾತಿನಲ್ಲಿ ತಿರುಗಿ ಒಪ್ಪಿಸಬೇಕು. ಒಪ್ಪಿಸಿದವನಿಗೆ ಮನೆ, ತಪ್ಪಿದವನಿಗೆ ಮಂಚ.

ಸಿಸ್ಟರ್ ಎಲ್ಲವನ್ನೂ ಬಿಡಿಸಿ ಹೇಳಿದರು. ಮೇಷ್ಟ್ರು "ಹೂಂ, ಹೂಂ" ಎಂದರು. ಮದುವೆಯಾದಂದಿನಿಂದ ಹೆಂಡತಿಯ ಮಾತಿಗೆ ಬಳಸಿ ಬಳಸಿ ನುಣುಪಾದ ಹೂಂ ಅದು. (ಅದಕ್ಕೂ ಕಿವಿಗೂ ಯಾವ ಸಂಬಂಧವೂ ಇರಲಿಲ್ಲ.)

"ಸರಿ, ಈಗ ನೀವು ಹೇಳಿ. ಮಲಗೋವಾಗ ಕಾಲು ಹೇಗಿಟ್ಕೋಬೇಕು?"

"ಮಂಡಿ ಕೆಳಗೆ ದಿಂಬು ಇಟ್ಟು, ಆರಾಮಾಗಿ."

"ಅದನ್ನೇ ಮಾಡಬೇಡಿ ಅಂದಿದ್ದು ನಾನು."

"ಕಾಲು ನೇರ ಇರ್ಬೇಕು, ಮಂಡಿ ಕೆಳಗೆ ದಿಂಬು ಕೂಡದು," ಎಂದರು ಪಕ್ಕದಲ್ಲಿದ್ದ ಹೆಂಡತಿ. "ಮೆಟ್ಟಿಲು ಹತ್ತೋವಾಗ ಒಳ್ಳೆ ಕಾಲು ಮೊದಲು, ಇಳಿಯೋವಾಗ ಆಪರೇಷನ್ ಆದ ಕಾಲು ಮೊದಲು. ಮೀನಖಂಡ ಊದಿದ್ರೆ ತಕ್ಷಣ ಫೋನು."

"ನೀವು ಪಾಸ್ ಅಮ್ಮ, ಬೇಕಾದ್ರೆ ಮನೆಗೆ ಹೊರಡಿ. ಇವರನ್ನ ಮಧ್ಯಾಹ್ನ ಮತ್ತೆ ಕೇಳ್ತೀನಿ."

ಊರಿನ ಅರ್ಧ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. ಮಧ್ಯಾಹ್ನ ಮೆಟ್ಟಿಲಲ್ಲಿ ಜಾರಿದರು (ಉತ್ತರದಲ್ಲಿ ಮಾತ್ರ). ಸಂಜೆ ಬೇರೆ ದಾರಿ ಕಾಣದೆ, ಜೀವಮಾನದಲ್ಲೇ ಮೊದಲ ಸಲ ಇನ್ನೊಬ್ಬರ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡರು. ಚಾಚೂ ತಪ್ಪದೆ ಒಪ್ಪಿಸಿದರು. ಸಿಸ್ಟರ್ ಮೆಚ್ಚಿ, ತಾವೇ ಗಾಲಿಕುರ್ಚಿ ತಳ್ಳಿಕೊಂಡು ಅವರನ್ನು ಹೊರಬಾಗಿಲಿಗೆ ತಂದರು.

ಕಾರಿಗೆ ಕಾಯುವಾಗ ಹೆಂಡತಿ ಮನೆಯ ಮಾತು ತೆಗೆದರು. ಅದು ಸಾಕಷ್ಟು ಉದ್ದವಿತ್ತು, ಅದರೊಳಗೆ ಅವರ ಅಕ್ಕನ ಹೆಸರೂ ಬಂತು. ಮೇಷ್ಟ್ರು ರಸ್ತೆಯನ್ನೇ ನೋಡುತ್ತ "ಹೂಂ" ಎಂದರು.

ಕಾರು ಬಂದು ನಿಂತಿತು. ಹೆಂಡತಿ ಬಾಗಿಲು ತೆಗೆಯಲಿಲ್ಲ. ಅದಕ್ಕೆ ಒರಗಿ ನಿಂತು, ಸಿಸ್ಟರ್ ಕಡೆ ಒಮ್ಮೆ ಕೃತಜ್ಞತೆಯಿಂದ ನೋಡಿ, ಗಂಡನತ್ತ ತಿರುಗಿದರು.

"ನಾನೀಗ ಏನು ಹೇಳ್ದೆ? ನಿಮ್ಮ ಮಾತಲ್ಲಿ ಹೇಳಿ ನೋಡೋಣ. ಆಮೇಲೆ ಮನೆಗೆ ಹೋಗೋಣ."

ಮೇಷ್ಟ್ರು ನಿಧಾನಕ್ಕೆ ಕತ್ತು ಹಿಂದಕ್ಕೆ ತಿರುಗಿಸಿದರು.

"ಸಿಸ್ಟರ್, ನನ್ನ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ ಅಲ್ವಾ?"